ಕ್ರಿಸ್‌ಮಸ್‌ನಲ್ಲಿ ದೇವರೆಷ್ಟು, ಕೇಕೆಷ್ಟು?

ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿದವರಿಗೆ ಕ್ರಿಸ್‌ಮಸ್ ಅಂದ ಕೂಡಲೇ ನೆನಪಾಗುವುದು ಯೇಸುವೂ ಅಲ್ಲ, ಕೇಕೂ ಅಲ್ಲ. ಪರೀಕ್ಷೆ. ಕೇರಳದ ಶಾಲೆಗಳಲ್ಲಿ ವರ್ಷಕ್ಕೆ ಮೂರು ದೊಡ್ಡ ಪರೀಕ್ಷೆ. ಓಣಂ ಪರೀಕ್ಷೆ, ಕ್ರಿಸ್‌ಮಸ್ ಪರೀಕ್ಷೆ, ಆಮೇಲೆ ವಾರ್ಷಿಕ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುತ್ತಿತ್ತು, ಆದರೆ ಎಲ್ಲರ ಬಾಯಲ್ಲೂ ಅದು ಕ್ರಿಸ್‌ಮಸ್ ಪರೀಕ್ಷೆಯೇ. ಅದು ಮುಗಿದರೆ ಹತ್ತು ದಿನ ರಜೆ. ಗಡಿಯಾಚೆ ವಿಟ್ಲದಲ್ಲಿದ್ದ ಚಿಕ್ಕಮ್ಮನ ಮಕ್ಕಳಿಗೆ ದಸರಾಕ್ಕೆ ವಾರಗಟ್ಟಲೆ ರಜೆ, ನಮಗೆ ಆಗ ಎರಡೋ ಮೂರೋ ದಿನ. ಡಿಸೆಂಬರ್‌ನಲ್ಲಿ ನಮಗೆ ರಜೆ, ಅವರಿಗೆ ಶಾಲೆ. ಅಜ್ಜಿಮನೆಗೆ ಅವರು ಬಂದಾಗ ನಾವಿಲ್ಲ, ನಾವು ಹೋದಾಗ ಅವರಿಲ್ಲ. ಹಾಗಾಗಿ ಚಿಕ್ಕಂದಿನಲ್ಲಿ ಕ್ರಿಸ್‌ಮಸ್ ಅಂದರೆ ನನಗೆ ಆಡಲು ಯಾರೂ ಸಿಗದ ಹತ್ತು ದಿನ.

ದೊಡ್ಡವರಿಗೆ ಅದು ಬೇರೆ. ಬಸ್ ಸ್ಟ್ಯಾಂಡಿನ ಎದುರು ಮೇಜು ಹಾಕಿಕೊಂಡು ಕುಳಿತ ಲಾಟರಿಯವನ ಹತ್ತಿರ 'ಕ್ರಿಸ್‌ಮಸ್–ನ್ಯೂ ಇಯರ್ ಬಂಪರ್' ಬರುತ್ತದೆ. ಕೇರಳ ಸರಕಾರದ್ದೇ ಲಾಟರಿ. ಈಚಿನ ವರ್ಷಗಳಲ್ಲಿ ಮೊದಲ ಬಹುಮಾನ 20 ಕೋಟಿಯವರೆಗೆ ಹೋಗಿದೆ. ಕರ್ನಾಟಕದಲ್ಲಿ 2007ರಿಂದ ಲಾಟರಿ ಇಲ್ಲ, ಹಾಗಾಗಿ ಗಡಿಯ ತಲಪಾಡಿ ದಾಟಿ ಬಂದು ಟಿಕೆಟ್ ಕೊಳ್ಳುವವರೂ ಉಂಟು. ಅವರಲ್ಲಿ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವವರು ಎಷ್ಟು ಮಂದಿಯೋ ಲಾಟರಿಯವನಿಗೆ ಬೇಕಿಲ್ಲ. ಪಕ್ಕದಲ್ಲಿ ಸರಕಾರಿ ಅಂಗಡಿ ಸಪ್ಲೈಕೋದ ಕ್ರಿಸ್‌ಮಸ್ ಸಂತೆ, ಅಲ್ಲಿ ಅಕ್ಕಿ, ಮೆಣಸು, ತೆಂಗಿನೆಣ್ಣೆಗೆ ಕ್ಯೂ.

ಹೀಗೆ ಪರೀಕ್ಷೆಗೂ ಲಾಟರಿಗೂ ಅಕ್ಕಿಗೂ ಹೆಸರು ಕೊಟ್ಟ ಹಬ್ಬ ಇದು. ಕಳೆದ ಸಲ ಬೆಂಗಳೂರಿನಿಂದ ಬಂದ ನೆಂಟರೊಬ್ಬರು ಕುಂಬಳೆ ಪೇಟೆಯಲ್ಲಿ ಸಾಲಾಗಿ ತೂಗುತ್ತಿದ್ದ ನಕ್ಷತ್ರಗಳನ್ನು ನೋಡಿ ಹೇಳಿದರು: "ಕ್ರಿಸ್‌ಮಸ್ ಈಗ ಧರ್ಮದ ಹಬ್ಬವೇ ಅಲ್ಲ ಬಿಡಿ, ಅಂಗಡಿಯ ಹಬ್ಬ." ನಾನು ಸುಮ್ನೆ ತಲೆಯಾಡಿಸಿದೆ. ಆಮೇಲೆ ಯೋಚಿಸಿದರೆ ಆ ಮಾತು ಅರ್ಧ ನಿಜ ಅನ್ನಿಸಿತು. ಉಳಿದರ್ಧದ ಬಗ್ಗೆ ಬರೆಯೋಣ ಅಂತ ಕುಳಿತೆ.

ಅವರ ಮಾತಿನ ಒಳಗೆ ಒಂದು ಊಹೆ ಅಡಗಿದೆ. ಹಿಂದೆ ಕ್ರಿಸ್‌ಮಸ್ ಅಪ್ಪಟ ಭಕ್ತಿಯ ಹಬ್ಬವಾಗಿತ್ತು, ಈಚೆಗೆ ಕೇಕು, ಸಾಂತಾ, ಆಫರ್ ಎಲ್ಲ ಬಂದು ಕೆಟ್ಟಿತು ಅನ್ನುವುದು. ಇತಿಹಾಸ ಹಾಗಿಲ್ಲ. ಮೊದಲ ಸುಮಾರು ಮುನ್ನೂರು ವರ್ಷ ಕ್ರೈಸ್ತರು ಈ ಹಬ್ಬ ಆಚರಿಸಿದ್ದಕ್ಕೆ ಗಟ್ಟಿ ಆಧಾರವೇ ಇಲ್ಲ. ಮೂರನೇ ಶತಮಾನದ ಪಂಡಿತ ಒರಿಜೆನ್‌ಗೆ ಹುಟ್ಟುಹಬ್ಬ ಅಂದರೇ ಆಗುತ್ತಿರಲಿಲ್ಲ. ಬೈಬಲ್‌ನಲ್ಲಿ ಹುಟ್ಟುಹಬ್ಬ ಮಾಡಿಕೊಂಡವರು ಫರೋಹ, ಹೆರೋದನಂಥ ಕೆಟ್ಟ ರಾಜರು ಮಾತ್ರ ಅನ್ನುವುದು ಅವನ ವಾದ. ಡಿಸೆಂಬರ್ 25ರಂದು ಯೇಸು ಹುಟ್ಟಿದ ಅನ್ನುವ ಮೊದಲ ಖಚಿತ ದಾಖಲೆ ಸಿಗುವುದು ರೋಮ್‌ನ ಒಂದು ಪಂಚಾಂಗದಲ್ಲಿ. ಆ ಪಂಚಾಂಗ 354ರದು, ಅದರೊಳಗಿನ ಆ ಪಟ್ಟಿ 336ರ ಹೊತ್ತಿನದು.

ಬೈಬಲ್ ತೆಗೆದು ನೋಡಿದರೆ ತಾರೀಕೇ ಇಲ್ಲ. ಯೇಸುವಿನ ಬದುಕು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಮತ್ತಾಯ, ಲೂಕ ಇಬ್ಬರು ಮಾತ್ರ ಹುಟ್ಟಿನ ಕತೆ ಹೇಳುತ್ತಾರೆ. ಮಾರ್ಕನ ಪುಸ್ತಕ ಶುರುವಾಗುವಾಗಲೇ ಯೇಸು ಬೆಳೆದ ಗಂಡಸು. ನಕ್ಷತ್ರ ಮತ್ತು ಅದನ್ನು ನೋಡಿ ಕಾಣಿಕೆ ತಂದ ಜ್ಞಾನಿಗಳು ಮತ್ತಾಯನ ಕತೆಯವರು, ಕುರುಬರು ಮತ್ತು ಮಗುವನ್ನು ಮಲಗಿಸಿದ ಗೋದಲಿ (ದನದ ಮೇವಿನ ತೊಟ್ಟಿ) ಲೂಕನ ಕತೆಯವರು. ಜ್ಞಾನಿಗಳು ಮೂವರು ಅಂತ ಎಲ್ಲೂ ಬರೆದಿಲ್ಲ, ಕಾಣಿಕೆ ಮೂರು ಅಂತಷ್ಟೇ ಇದೆ. ಎತ್ತು, ಕತ್ತೆ ಇಬ್ಬರಲ್ಲೂ ಇಲ್ಲ. ಹಿಮವಂತೂ ಇಲ್ಲವೇ ಇಲ್ಲ. ಆದರೂ ನಮ್ಮ ಕುಂಬಳೆಯ ಸೆಕೆಯಲ್ಲಿ ಪ್ಲಾಸ್ಟಿಕ್ ಮರಕ್ಕೆ ಹತ್ತಿ ಅಂಟಿಸುತ್ತೇವೆ ಅಲ್ವಾ?

ಹಾಗಾದರೆ 25 ಎಲ್ಲಿಂದ ಬಂತು? ಎರಡು ವಾದಗಳಿವೆ. ರೋಮ್‌ನಲ್ಲಿ ಆ ಹೊತ್ತಿಗೆ ಸೂರ್ಯನ ಹಬ್ಬ ಇತ್ತು, ಔರೇಲಿಯನ್ ಚಕ್ರವರ್ತಿ 274ರಲ್ಲಿ 'ಸೋಲದ ಸೂರ್ಯ'ನ ಪೂಜೆಗೆ ದೊಡ್ಡ ಸ್ಥಾನ ಕೊಟ್ಟಿದ್ದ, ಆ ದಿನವನ್ನೇ ಕ್ರೈಸ್ತರು ತಮ್ಮದು ಮಾಡಿಕೊಂಡರು ಅನ್ನುವುದು ಒಂದು. ಇನ್ನೊಂದು ಲೆಕ್ಕದ ವಾದ. ಯೇಸು ಸತ್ತದ್ದು ಮಾರ್ಚ್ 25ಕ್ಕೆ ಅಂತ ಕೆಲವರು ಲೆಕ್ಕ ಹಾಕಿದ್ದರು. ದೊಡ್ಡವರು ಗರ್ಭಕ್ಕೆ ಬಂದ ದಿನವೇ ಸಾಯುತ್ತಾರೆ ಅನ್ನುವ ನಂಬಿಕೆ ಆಗ ಇತ್ತು. ಮಾರ್ಚ್ 25ಕ್ಕೆ ಒಂಬತ್ತು ತಿಂಗಳು ಕೂಡಿಸಿ. ಯಾವುದು ಸರಿ ಅಂತ ಪಂಡಿತರು ಇನ್ನೂ ಜಗಳ ಮಾಡುತ್ತಿದ್ದಾರೆ. ಜನ ಮೊದಲನೆಯದನ್ನೇ ಜಾಸ್ತಿ ಹೇಳುತ್ತಾರೆ, ನನಗೆ ಎರಡನೆಯದು ಇಷ್ಟ. ಜಾತಕ ಬರೆಯುವ ನಮ್ಮ ಭಟ್ಟರ ಲೆಕ್ಕದ ಹಾಗೆಯೇ ಇದೆ.

ಇದಕ್ಕಿಂತ ತಮಾಷೆಯ ಸಂಗತಿ ಇನ್ನೊಂದು. ಕ್ರಿಸ್‌ಮಸ್ಸನ್ನು ಕಾನೂನು ಮಾಡಿ ನಿಲ್ಲಿಸಿದವರಲ್ಲಿ ಕಟ್ಟಾ ಕ್ರೈಸ್ತರೂ ಇದ್ದರು. ಇಂಗ್ಲೆಂಡಿನಲ್ಲಿ ಪ್ಯೂರಿಟನ್ನರ ಕೈಗೆ ಅಧಿಕಾರ ಬಂದಾಗ 1647ರಲ್ಲಿ ಸಂಸತ್ತು ಈ ಹಬ್ಬವನ್ನೇ ರದ್ದು ಮಾಡಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ. ಅವರ ತಕರಾರು ಎರಡು: ಬೈಬಲ್‌ನಲ್ಲಿ ಈ ಹಬ್ಬ ಇಲ್ಲ, ಜನ ಇದರ ಹೆಸರಲ್ಲಿ ಕುಡಿದು ತಿಂದು ಕುಣಿಯುತ್ತಾರೆ. ಅಂದರೆ 'ಕ್ರಿಸ್‌ಮಸ್‌ನಲ್ಲಿ ಧರ್ಮ ಇಲ್ಲ' ಅನ್ನುವ ದೂರಿಗೇ ಮುನ್ನೂರೈವತ್ತು ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ. ಸ್ಕಾಟ್ಲೆಂಡಿನಲ್ಲಿ ಆ ಗುಂಗು ಎಷ್ಟು ಕಾಲ ಇತ್ತೆಂದರೆ ಅಲ್ಲಿ ಕ್ರಿಸ್‌ಮಸ್ ಸರಕಾರಿ ರಜೆ ಆದದ್ದೇ 1958ರಲ್ಲಿ. ಇವತ್ತಿಗೂ ಯೆಹೋವನ ಸಾಕ್ಷಿಗಳು ಅನ್ನುವ ಪಂಗಡದವರು ಕ್ರಿಸ್‌ಮಸ್ ಮಾಡುವುದಿಲ್ಲ. ಕೇರಳದ ಕೆಲವು ಪೆಂಟೆಕೋಸ್ಟ್ ಪಂಗಡದವರೂ ಅಷ್ಟೇ. ನನ್ನ ಜೊತೆ ಕಾಲೇಜಿಗೆ ಬರುತ್ತಿದ್ದ ಒಬ್ಬನ ಮನೆ ಆ ಥರದ್ದು. ದಿನಾ ಬೈಬಲ್ ಓದುವ ಮನೆ. ಡಿಸೆಂಬರ್‌ನಲ್ಲಿ ಇಡೀ ಬೀದಿಯಲ್ಲಿ ನಕ್ಷತ್ರ ಇಲ್ಲದ್ದು ಆ ಮನೆಗೆ ಮತ್ತು ನಮ್ಮ ಮನೆಗೆ. ಆಮೇಲಾಮೇಲೆ ನಮ್ಮ ಮನೆಗೂ ಬಂತು.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಚರ್ಚಿನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಹಬ್ಬ ಕ್ರಿಸ್‌ಮಸ್ ಅಲ್ಲ, ಈಸ್ಟರ್. ಹುಟ್ಟಿನಲ್ಲಿ ವಿಶೇಷವಿಲ್ಲ, ಎಲ್ಲರೂ ಹುಟ್ಟುತ್ತಾರೆ. ಶಿಲುಬೆಯಲ್ಲಿ ಸತ್ತು ಮತ್ತೆ ಎದ್ದ ಅನ್ನುವುದೇ ಆ ನಂಬಿಕೆಯ ಬೇರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಕ್ರೈಸ್ತರಲ್ಲದ ಅವರು ಯೇಸುವಿನ ಮೇಲೆ ಕನ್ನಡದಲ್ಲಿ ಕಾವ್ಯ ಬರೆಯಲು ಕುಳಿತಾಗ ತೆಗೆದುಕೊಂಡದ್ದು ಬೆತ್ಲೆಹೇಮಿನ ರಾತ್ರಿಯನ್ನಲ್ಲ, ಕಡೆಯ ದಿನವನ್ನು. ಅದೇ 'ಗೊಲ್ಗೊಥಾ'. ಆದರೆ ಈಸ್ಟರ್‌ಗೆ ಹತ್ತು ದಿನ ರಜೆ ಇಲ್ಲ, ಬಂಪರ್ ಇಲ್ಲ, ಪೇಟೆಯಲ್ಲಿ ದೀಪದ ಸಾಲೂ ಇಲ್ಲ. ಸತ್ತವನ ಹಬ್ಬವನ್ನು ಹಂಚಿಕೊಳ್ಳುವುದು ಕಷ್ಟ. ಹುಟ್ಟಿದ ಮಗುವನ್ನು ನೋಡಲು ಯಾರು ಬೇಕಾದರೂ ಹೋಗಬಹುದು, ಜಾತಿ ಕೇಳುವುದಿಲ್ಲ. ಕ್ರಿಸ್‌ಮಸ್ ಇಷ್ಟು ಸುಲಭವಾಗಿ ಎಲ್ಲರದ್ದೂ ಆದದ್ದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಹೀಗೆ ಹೊರಗೆ ಬಂದ ಹಬ್ಬಕ್ಕೆ ದಾರಿಯಲ್ಲಿ ಸಿಕ್ಕಿದ್ದೆಲ್ಲ ಅಂಟಿಕೊಂಡಿತು. ಸಾಂತಾ ಕ್ಲಾಸ್ ಮೂಲದಲ್ಲಿ ನಾಲ್ಕನೇ ಶತಮಾನದ ಬಿಷಪ್ ನಿಕೋಲಾಸ್. ಅವನ ಊರು ಮೈರಾ, ಈಗಿನ ಟರ್ಕಿಯಲ್ಲಿದೆ. ಡಚ್ಚರ ಜೊತೆ ಅಮೆರಿಕಕ್ಕೆ ಹೋಗಿ, 1823ರ ಒಂದು ಪದ್ಯದಲ್ಲಿ ಜಿಂಕೆಗಾಡಿ ಹತ್ತಿ, ಪತ್ರಿಕೆಯ ಚಿತ್ರಗಳಲ್ಲಿ ಹೊಟ್ಟೆ ಬೆಳೆಸಿ, 1931ರಿಂದ ಕೋಕಾ–ಕೋಲಾ ಜಾಹೀರಾತುಗಳಲ್ಲಿ ನಕ್ಕ. ಕೆಂಪು ಬಟ್ಟೆ ಕೊಟ್ಟದ್ದು ಆ ಕಂಪನಿ ಅನ್ನುತ್ತಾರೆ. ಅದು ಸರಿಯಲ್ಲ, ಕೆಂಪು ಅದಕ್ಕೂ ಮೊದಲೇ ಇತ್ತು.

ನಮ್ಮೂರಿಗೆ ಬರುವ ಸಾಂತಾನ ಕತೆ ಇನ್ನೂ ಚೆಂದ. ಡಿಸೆಂಬರ್ 20ರ ಮೇಲೆ ಕ್ಯಾರೊಲ್ ತಂಡಗಳು ಮನೆಮನೆಗೆ ಬರುತ್ತವೆ. ಇಗರ್ಜಿಯವರದ್ದು ಒಂದು, ಯುವಕ ಸಂಘದವರದ್ದು ಇನ್ನೊಂದು. ಡ್ರಮ್ ಬಡಿತ, ಮುಖವಾಡ ಹಾಕಿದ ಒಬ್ಬ ಸಾಂತಾ, ಕೈಯಲ್ಲಿ ಬಲೂನ್. ಮೊದಲ ಸಲ ನಮ್ಮ ಅಂಗಳಕ್ಕೆ ಬಂದಾಗ ಅಜ್ಜಿ ಎದ್ದು ಒಳಗೆ ಹೋದರು. ಹೆದರಿದರೋ ಏನೋ ಅಂದುಕೊಂಡೆವು. ಐದು ನಿಮಿಷದಲ್ಲಿ ಗೆರಸೆಯಲ್ಲಿ ಎರಡು ಸೇರು ಅಕ್ಕಿ, ಒಂದು ತೆಂಗಿನಕಾಯಿ ಇಟ್ಟು ತಂದರು. ಅವರ ಮಟ್ಟಿಗೆ ಅದು ಮಾರ್ನೆಮಿ ವೇಷ. ನವರಾತ್ರಿಗೆ ಹುಲಿ, ಕರಡಿ ಬರುವುದಿಲ್ಲವೇ? ಆಟಿ ತಿಂಗಳಲ್ಲಿ ಕಳೆಂಜನ ವೇಷ ಬರುವುದಿಲ್ಲವೇ? ಇದು ಡಿಸೆಂಬರ್‌ನದು. ಬಣ್ಣ ಹಚ್ಚಿಕೊಂಡು ಅಂಗಳದಲ್ಲಿ ಕುಣಿದವನನ್ನು ಬರಿಗೈಯಲ್ಲಿ ಕಳಿಸಬಾರದು. ಆ ಸಾಂತಾ ಅಕ್ಕಿಯನ್ನು ಎಲ್ಲಿಗೆ ಹಾಕಿಕೊಳ್ಳುವುದು ಅಂತ ತಿಳಿಯದೆ ತನ್ನ ಉಡುಗೊರೆಯ ಚೀಲ ಬಿಚ್ಚಿ ಹಿಡಿದ. ಒಳಗೆ ನಾಲ್ಕು ಮಿಠಾಯಿ ಇತ್ತು, ಅದರ ಮೇಲೆಯೇ ಅಕ್ಕಿ ಬಿತ್ತು.

ಅಜ್ಜಿ ಮಾಡಿದ್ದು ಧರ್ಮವೋ ಅಲ್ಲವೋ? ಕ್ರೈಸ್ತ ಧರ್ಮ ಖಂಡಿತ ಅಲ್ಲ. ಸುಮ್ನೆ ಮಜಾ ಅಂತಲೂ ಹೇಳಲಿಕ್ಕಾಗದು.

ಕೇಕಿನದ್ದೂ ಹೀಗೆಯೇ. ಇದೇ ರೈಲು ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ಸಿಗುವ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಅನ್ನುವವರು 1880ರಲ್ಲಿ ಬಿಸ್ಕೆಟ್ ಕಾರ್ಖಾನೆ ಹಾಕಿದ್ದರು. ಅಂಜರಕಂಡಿಯ ದಾಲ್ಚಿನ್ನಿ ತೋಟದ ಮರ್ಡಾಕ್ ಬ್ರೌನ್ ಸಾಹೇಬ 1883ರಲ್ಲಿ ವಿಲಾಯತಿ ಕೇಕೊಂದನ್ನು ತಂದು ತೋರಿಸಿ, ಇಂಥದ್ದು ಮಾಡಿಕೊಡು ಅಂದನಂತೆ. ಬಾಪು ಊರಿನ ಸಾಮಾನು ಹಾಕಿ ಮಾಡಿಯೇ ಕೊಟ್ಟರು. ಭಾರತದ ಮೊದಲ ಕ್ರಿಸ್‌ಮಸ್ ಕೇಕ್ ಅದೇ ಅಂತ ಕೇರಳದಲ್ಲಿ ಎಲ್ಲರೂ ಹೇಳುತ್ತಾರೆ. ಬಾಪು ಕ್ರೈಸ್ತರಲ್ಲ. ಅಂದರೆ ಈ ಕರಾವಳಿಯಲ್ಲಿ ಕೇಕು ದೇವರ ಪ್ರಸಾದವಾಗಿ ಬಂದದ್ದೇ ಅಲ್ಲ. ಅದು ಬಂದದ್ದು ವ್ಯಾಪಾರವಾಗಿ. ಇಲ್ಲದ ಪಾವಿತ್ರ್ಯವನ್ನು ಈಗ ಬೇಕರಿಯವರು ಹಾಳು ಮಾಡಿದರು ಅಂದರೆ ಹೇಗೆ?

ಇಷ್ಟೆಲ್ಲ ಹೇಳಿದೆ ಅಂದ ಮಾತ್ರಕ್ಕೆ ಏನೂ ಬದಲಾಗಿಲ್ಲ ಅಂತಲ್ಲ. ಕೆಲವು ದೇಶಗಳಲ್ಲಿ ಲೆಕ್ಕವೇ ಇದೆ. ಅಮೆರಿಕದಲ್ಲಿ ಪ್ಯೂ ಸಂಶೋಧನಾ ಕೇಂದ್ರ 2017ರಲ್ಲಿ ಕೇಳಿದಾಗ ಹತ್ತರಲ್ಲಿ ಒಂಬತ್ತು ಜನ ಕ್ರಿಸ್‌ಮಸ್ ಮಾಡುತ್ತೇವೆ ಅಂದರು. ಆದರೆ ಧಾರ್ಮಿಕ ಹಬ್ಬವಾಗಿ ಮಾಡುತ್ತೇವೆ ಅಂದವರು ಶೇಕಡಾ 55. ನಾಲ್ಕು ವರ್ಷ ಮೊದಲು ಅದು 59 ಇತ್ತು. ಯೇಸು ಕನ್ಯೆಯಲ್ಲಿ ಹುಟ್ಟಿದ್ದನ್ನು ನಂಬುವವರು 2014ರಲ್ಲಿ ಶೇಕಡಾ 73 ಇದ್ದರು, 2017ಕ್ಕೆ 66ಕ್ಕೆ ಇಳಿದರು. ಹಬ್ಬದಲ್ಲಿ ಧರ್ಮದ ಅಂಶ ಮೊದಲಿಗಿಂತ ಕಡಿಮೆಯಾಗಿದೆ ಅಂತ ಅರ್ಧಕ್ಕಿಂತ ಜಾಸ್ತಿ ಜನ ಒಪ್ಪಿದರು. ಅದರಿಂದ ಬೇಜಾರಾಗಿದೆ ಅಂದವರು ಮಾತ್ರ ಮೂರರಲ್ಲಿ ಒಂದು ಪಾಲು. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ತಮ್ಮನ್ನು ಕ್ರೈಸ್ತರು ಅಂತ ಬರೆಸಿದವರು ಶೇಕಡಾ 46.2. ಹತ್ತು ವರ್ಷ ಹಿಂದೆ 59.3 ಇತ್ತು. ಅರ್ಧಕ್ಕಿಂತ ಕೆಳಗೆ ಇಳಿದದ್ದು ಅದೇ ಮೊದಲು. ಹಾಗಂತ ಅಲ್ಲಿ ಯಾರೂ ಕ್ರಿಸ್‌ಮಸ್ ಬಿಟ್ಟಿಲ್ಲ. ಜಪಾನಿನಲ್ಲಂತೂ ಕ್ರೈಸ್ತರು ನೂರಕ್ಕೆ ಒಬ್ಬರು, ಡಿಸೆಂಬರ್ 25 ಕೆಲಸದ ದಿನ. ಆದರೂ 1974ರಲ್ಲಿ ಕೆಎಫ್‌ಸಿ ಮಾಡಿದ ಪ್ರಚಾರದಿಂದಾಗಿ ಆ ರಾತ್ರಿ ಹುರಿದ ಕೋಳಿ ತಿನ್ನುವುದು ಅಲ್ಲಿ ಸಂಪ್ರದಾಯವೇ ಆಗಿಹೋಗಿದೆ.

ಈ ಅಂಕಿಗಳು ನಮ್ಮ ಕಡೆಗೆ ಹೊಂದುವುದಿಲ್ಲ. ಅಲ್ಲಿ ನಡೆಯುತ್ತಿರುವುದು ಕ್ರೈಸ್ತರ ಮನೆಯಲ್ಲೇ ಹುಟ್ಟಿದವರು ನಂಬಿಕೆ ಬಿಡುವುದು. ಇಲ್ಲಿ ಕ್ರೈಸ್ತರೇ ಕಡಿಮೆ. ಕಾಸರಗೋಡು ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಶೇಕಡಾ 7ಕ್ಕಿಂತ ಕಮ್ಮಿ. ನಕ್ಷತ್ರ ತೂಗುವವರಲ್ಲಿ, ಕೇಕ್ ಕೊಳ್ಳುವವರಲ್ಲಿ ಬಹಳ ಮಂದಿ ಬೇರೆಯವರು. ಅಂಗಡಿಯ ಕ್ರಿಸ್‌ಮಸ್ ನೋಡಿ, ಇವರಿಗೆಲ್ಲ ಭಕ್ತಿ ಹೋಯಿತು ಅಂದರೆ ತಪ್ಪಾಗುತ್ತದೆ. ಅವರಿಗೆ ಆ ಭಕ್ತಿ ಮೊದಲೂ ಇರಲಿಲ್ಲ.

ಹಾಗಾದರೆ ಆ 7 ಪಾಲಿನೊಳಗೆ ನೋಡಬೇಕು. ಅದೂ ಒಂದೇ ಥರ ಇಲ್ಲ. ಜಿಲ್ಲೆಯ ಉತ್ತರದಲ್ಲಿ, ಮಂಜೇಶ್ವರ, ಕಯ್ಯಾರು, ಕುಂಬಳೆ, ಬೇಳ ಈ ಕಡೆ ಇರುವವರು ಕೊಂಕಣಿ ಮಾತಾಡುವ ಕಥೋಲಿಕರು. ರಾಜ್ಯ ಕೇರಳವಾದರೂ ಅವರ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತಕ್ಕೆ ಸೇರಿವೆ. ಪೂಜೆ ಕೊಂಕಣಿಯಲ್ಲಿ, ಪುಸ್ತಕದ ಲಿಪಿ ಕನ್ನಡ. ಹಬ್ಬಕ್ಕೆ ಅವರು ಹೇಳುವುದು 'ನತಾಲಾಂ', ಪೋರ್ಚುಗೀಸರ ನತಾಲ್‌ನಿಂದ ಬಂದ ಮಾತು. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವಾಗ ಬೇಳದಲ್ಲಿ ಕಾಣುವ ಎತ್ತರದ ಗಾಥಿಕ್ ಇಗರ್ಜಿ 1890ರದು. ಪೂರ್ವದ ಬೆಟ್ಟದ ಕಡೆ, ವೆಳ್ಳರಿಕುಂಡ್, ರಾಜಪುರಂ, ಪಾಣತ್ತೂರಿನಲ್ಲಿ ಇರುವವರು 1940ರ ದಶಕದಿಂದ ತಿರುವಿದಾಂಕೂರಿನಿಂದ ಬಂದು ಕಾಡು ಕಡಿದು ರಬ್ಬರ್ ಹಾಕಿದ ಮಲಯಾಳಿ ಸುರಿಯಾನಿ ಕ್ರೈಸ್ತರು. ಇಬ್ಬರೂ ರೋಮ್‌ನ ಪೋಪ್‌ಗೆ ಸೇರಿದವರೇ. ಹಬ್ಬಕ್ಕೆ ಕಾಯುವ ರೀತಿ ಮಾತ್ರ ಬೇರೆ.

ಸುರಿಯಾನಿಯವರದ್ದು 'ಇರುಪತ್ತಂಜು ನೋಂಬು', ಅಂದರೆ ಇಪ್ಪತ್ತೈದರ ಉಪವಾಸ. ಡಿಸೆಂಬರ್ 1ರಿಂದ 24ರವರೆಗೆ ಮಾಂಸ, ಮೀನು, ಮೊಟ್ಟೆ ಇಲ್ಲ. ಕಟ್ಟುನಿಟ್ಟಿನವರು ಹಾಲನ್ನೂ ಬಿಡುತ್ತಾರೆ. ನಮ್ಮ ಕಡೆಯ ಮಾಪಿಳ್ಳೆಯರು ರಮ್ಜಾನ್ ಉಪವಾಸಕ್ಕೂ ನೋಂಬು ಅಂತಲೇ ಹೇಳುವುದು. ಬೆಟ್ಟದ ಕಡೆ ಎರಡು ವರ್ಷ ಕೆಲಸ ಮಾಡಿದ ನನ್ನ ಗೆಳೆಯನಿಗೆ ಊಟದ ಕಷ್ಟ ಇದ್ದದ್ದು ಆ ತಿಂಗಳಲ್ಲಿ ಮಾತ್ರವಂತೆ. ಬಾಡಿಗೆ ಮನೆಯ ಯಜಮಾನರು ಮೀನು ಸಾರು ಮಾಡಬೇಡ ಅಂತ ಹೇಳಿರಲಿಲ್ಲ. ಆದರೆ ಪಕ್ಕದ ಅಡುಗೆಮನೆಯಿಂದ ಇಪ್ಪತ್ತನಾಲ್ಕು ದಿನ ಬರೀ ಪಯರಿನ (ಕಾಳಿನ) ಪರಿಮಳ ಬರುವಾಗ ಇವನಿಗೇ ನಾಚಿಕೆಯಾಯಿತು. 24ಕ್ಕೆ ಕೋಳಿ ಅಂಗಡಿಯಲ್ಲಿ ಕ್ಯೂ ನೋಡಿದವನಿಗೆ ಆ ಹಬ್ಬದ ತೂಕ ಅರ್ಥವಾಗುತ್ತದೆ. ಪೇಟೆಯ ಕ್ರಿಸ್‌ಮಸ್ ಡಿಸೆಂಬರ್ 1ರಂದು ತಿನ್ನು ಅನ್ನುತ್ತದೆ. ಇದು ಅದೇ ದಿನ ಬಿಡು ಅನ್ನುತ್ತದೆ.

ನನಗೆ ಸಿಕ್ಕಿದ ಅಳತೆ ಇದೇ. ಯಾವ ಹಬ್ಬದಲ್ಲಿ ಧರ್ಮ ಎಷ್ಟಿದೆ ಅಂತ ನೋಡಲು ಅಲ್ಲಿ ಸಿಗುವುದನ್ನು ಎಣಿಸಬಾರದು. ಅದು ನಿಮ್ಮ ಹತ್ತಿರ ಏನು ಕೇಳುತ್ತದೆ ಅಂತ ನೋಡಬೇಕು. ಕೇಕು, ರಜೆ, ಬಂಪರ್ ಎಲ್ಲ ಕೊಡುವ ಲೆಕ್ಕದವು. ಉಪವಾಸ, ಪಾಪನಿವೇದನೆ, ಮಾತು ಬಿಟ್ಟ ತಮ್ಮನ ಮನೆಗೆ ಹೋಗಿ ಬರುವುದು, ಇವು ಕೇಳುವ ಲೆಕ್ಕದವು. ಕೊಂಕಣಿಯವರಲ್ಲಿ ಈ ತಿಂಗಳು ಉಪವಾಸ ಕಡ್ಡಾಯವಿಲ್ಲ, ಆದರೆ ಹಬ್ಬಕ್ಕೆ ಮೊದಲು 'ಕುಮ್ಸಾರ್' ಇದೆ, ಪಾದ್ರಿಯ ಎದುರು ಮೊಣಕಾಲೂರಿ ತಪ್ಪು ಹೇಳಿಕೊಳ್ಳುವುದು. ನಮ್ಮ ಪಕ್ಕದ ಮನೆಯ ಬಾಯಮ್ಮ ಇಂಗು ಹಾಕಿದ ಹಾಗೆ ಚುರುಕು ಮಾತಿನವರು. ಕುಮ್ಸಾರ್‌ಗೆ ಹೋಗುವ ಸಂಜೆ ಮಾತ್ರ ದಾರಿಯಲ್ಲಿ ಕಂಡರೂ ಮಾತಾಡುವುದಿಲ್ಲ.

ಅವರ ಮನೆಯ ಗೋದಲಿಯನ್ನು, ಯೇಸು ಹುಟ್ಟಿದ ಹಟ್ಟಿಯ ಗೊಂಬೆ ಜೋಡಣೆಯನ್ನು, ನಾನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಮಲಯಾಳಿಗಳು ಅದನ್ನು ಪುಲ್ಕೂಡ್ ಅನ್ನುತ್ತಾರೆ. ಇದರ ಮೂಲವೂ ನಾಟಕವೇ. ಅಸಿಸಿಯ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲು ತರಿಸಿ ಆ ರಾತ್ರಿಯನ್ನು ಕಣ್ಣೆದುರು ತೋರಿಸಿದ. ಬಾಯಮ್ಮನ ಮನೆಯಲ್ಲಿ ಎತ್ತು ಮಣ್ಣಿನದು, ಒಂದು ಕೊಂಬು ಮುರಿದಿದೆ. ಅಡಿಕೆ ಹಾಳೆಯ ಮಾಡು. ಬಾವಿಯ ಕಟ್ಟೆಯಿಂದ ಕೆರೆದು ತಂದ ಪಾಚಿ. ಹತ್ತು ದಿನ ಮೊದಲೇ ಹಳೆಯ ಬಾಣಲೆಯಲ್ಲಿ ಭತ್ತ ಚೆಲ್ಲಿ, ಮಂಚದ ಅಡಿ ಇಟ್ಟು ನೀರು ಚಿಮುಕಿಸಿ ಮೊಳಕೆ ಬರಿಸುತ್ತಾರೆ. ಅದು ಗೋದಲಿಯ ಎದುರಿನ ಗದ್ದೆ. ಏಳನೇ ವಯಸ್ಸಿನಲ್ಲಿ ಮೊದಲ ಸಲ ನೋಡಿದಾಗ ಎಲ್ಲರೂ ಇದ್ದರು, ಮರಿಯಮ್ಮ, ಜೋಸೆಫ್, ಕುರುಬರು. ನಡುವಿನ ಹುಲ್ಲಿನ ತೊಟ್ಟಿಲು ಮಾತ್ರ ಖಾಲಿ. ಗೊಂಬೆ ಕಳೆದುಹೋಗಿದೆ ಅಂತ ನಾನು ಪಾಚಿಯೊಳಗೆ ಕೈ ಹಾಕಿ ಹುಡುಕತೊಡಗಿದೆ. ಬಾಯಮ್ಮ ಕೈಗೆ ಮೆತ್ತಗೆ ಒಂದು ಕೊಟ್ಟು, "ಮಗು ಇನ್ನೂ ಹುಟ್ಟಲಿಲ್ಲ ಮಾರಾಯ" ಅಂದರು. ಮಗುವಿನ ಗೊಂಬೆ ಕಪಾಟಿನಲ್ಲಿ ಹತ್ತಿಯೊಳಗೆ ಮಲಗಿತ್ತು. 24ರ ರಾತ್ರಿ ಇಗರ್ಜಿಯಿಂದ ಬಂದ ಮೇಲೆಯೇ ಅದು ಹೊರಗೆ ಬರುವುದು. ಆ ಮೊದಲು ಯಾರು ಕೇಳಿದರೂ ತೋರಿಸುವುದಿಲ್ಲ.

ಇಲ್ಲಿ ಎರಡು ಪಂಚಾಂಗ ಇದೆ ಅಂತ ನನಗೆ ಅರ್ಥವಾದದ್ದು ಬಹಳ ತಡವಾಗಿ. ಪೇಟೆಯ ಕ್ರಿಸ್‌ಮಸ್ ಡಿಸೆಂಬರ್ ಮೊದಲ ವಾರ ಶುರುವಾಗಿ 25ಕ್ಕೆ ಮುಗಿಯುತ್ತದೆ. 26ಕ್ಕೆ ಕೇಕು ಅರ್ಧ ಬೆಲೆ. ಚರ್ಚಿನ ಕ್ರಿಸ್‌ಮಸ್ 24ರ ರಾತ್ರಿ ಶುರುವಾಗುತ್ತದೆ. ಅದಕ್ಕೆ ಮೊದಲಿನ ನಾಲ್ಕು ಭಾನುವಾರ ಹಬ್ಬವಲ್ಲ, ಕಾಯುವ ಕಾಲ. ಆಗ ಪಾದ್ರಿ ತೊಡುವುದು ನೇರಳೆ ಬಣ್ಣ, ಅದು ಪಶ್ಚಾತ್ತಾಪದ ಬಣ್ಣ. 25ರ ಮೇಲೆ ಬಿಳಿ. ಜ್ಞಾನಿಗಳು ಬಂದ ಹಬ್ಬ ಜನವರಿ 6ರ ಸುಮಾರಿಗೆ, ಅದಾದ ಮೇಲೆ ಯೇಸುವಿನ ದೀಕ್ಷಾಸ್ನಾನದ ಭಾನುವಾರ. ಅಲ್ಲಿಗೆ ಮುಗಿಯಿತು. ಇಬ್ಬರೂ ಕ್ರಿಸ್‌ಮಸ್ ಅನ್ನುತ್ತಾರೆ, ಒಬ್ಬರದ್ದು ಮುಗಿಯುವಾಗ ಇನ್ನೊಬ್ಬರದ್ದು ಶುರು. ನಮ್ಮ ಬೆಂಗಳೂರಿನ ನೆಂಟರು ನೋಡಿದ್ದು ಮೊದಲನೆಯದನ್ನು. ಅವರು ಡಿಸೆಂಬರ್ 26ಕ್ಕೆ ಬಸ್ಸು ಹತ್ತಿದರು.

ಎರಡನೆಯದರಲ್ಲೂ ಸವಕಳಿ ಇದೆ, ಇಲ್ಲ ಅನ್ನುವುದಿಲ್ಲ. ನಡುರಾತ್ರಿಯ ಪೂಜೆ ಈಗ ಅನೇಕ ಕಡೆ ಸಂಜೆ ಏಳು ಏಳೂವರೆಗೇ ಆಗುತ್ತದೆ. ಮಕ್ಕಳು ದುಬೈ, ಮುಂಬೈ, ಕೆನಡಾದಲ್ಲಿ. ಮನೆಯಲ್ಲಿ ಉಳಿದಿರುವುದು ಮುದುಕರು, ರಾತ್ರಿ ಹನ್ನೆರಡಕ್ಕೆ ಗುಡ್ಡ ಹತ್ತುವುದು ಯಾರು? ಹಿಂದೆ ಎಲ್ಲ ಭಕ್ತಿಯೇ ಇತ್ತು ಅನ್ನುವವರು ಇನ್ನೊಂದನ್ನೂ ನೆನೆಯಬೇಕು. 1960ರ ದಶಕದಲ್ಲಿ ವ್ಯಾಟಿಕನ್ ಮಹಾಸಭೆ ಊರಿನ ಭಾಷೆಗೆ ಅನುಮತಿ ಕೊಡುವವರೆಗೆ ಕೊಂಕಣಿಯವರ ಪೂಜೆ ನಡೆಯುತ್ತಿದ್ದದ್ದು ಲ್ಯಾಟಿನ್‌ನಲ್ಲಿ. ಬಾಯಮ್ಮನ ಅತ್ತೆ ಬದುಕಿನ ಅರ್ಧದಷ್ಟು ನಡುರಾತ್ರಿಯ ಪೂಜೆಗಳಲ್ಲಿ ಒಂದು ಮಾತೂ ಅರ್ಥವಾಗದೆ, ಚಳಿಯಲ್ಲಿ ಜಪಸರ ಎಣಿಸುತ್ತ ಕುಳಿತವರು. ಅರ್ಥವಾಗುವ ಏಳು ಗಂಟೆಯ ಪೂಜೆಯಲ್ಲಿ ಭಕ್ತಿ ಜಾಸ್ತಿಯೋ, ಅರ್ಥವಾಗದ ಹನ್ನೆರಡು ಗಂಟೆಯದರಲ್ಲಿ ಜಾಸ್ತಿಯೋ? ನನ್ನ ಅಳತೆಕೋಲು ಇಲ್ಲಿ ಸ್ವಲ್ಪ ಬಾಗುತ್ತದೆ.

ನಿಜ ಹೇಳಬೇಕೆಂದರೆ ಕೊಂಕಣಿಯವರ ಮನೆಯೊಳಗಿನ ವಿಧಿ ನೋಡಲು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೋಗಬೇಕು. ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಒಂಬತ್ತು ದಿನ ಮಕ್ಕಳು ಹೂ ಹೊತ್ತು ಹೋಗುತ್ತಾರೆ, ತೆನೆಗೆ ಪಾದ್ರಿಯ ಆಶೀರ್ವಾದ, ಮನೆಗೆ ತಂದು ಹೊಸ ಅಕ್ಕಿಯ ಕಾಳನ್ನು ಪಾಯಸಕ್ಕೆ ಹಾಕಿ ಎಲ್ಲರೂ ಕೂಡಿ ಸಸ್ಯಾಹಾರದ ಊಟ. ಪೇಟೆಗೆ ಅದರ ಸುದ್ದಿಯೇ ಇಲ್ಲ. ಯಾವ ಕಂಪನಿಯೂ ಮೊಂತಿ ಆಫರ್ ಕೊಟ್ಟದ್ದನ್ನು ನಾನು ಕಂಡಿಲ್ಲ.

ನಮ್ಮ ಮನೆಯ ದೀಪಾವಳಿಯನ್ನೂ ಇದೇ ಕೋಲಿನಲ್ಲಿ ಅಳೆಯಬೇಕಲ್ಲ. ಅಜ್ಜ ಇದ್ದಾಗ ಗದ್ದೆಯ ಬದಿಯಲ್ಲಿ ದೀಪ ಇಟ್ಟು 'ಕೂ' ಹಾಕಿ ಬಲೀಂದ್ರನನ್ನು ಕರೆಯುತ್ತಿದ್ದರು. ಈಗ ಗದ್ದೆಯೇ ಇಲ್ಲ, ಅಡಿಕೆ ತೋಟ. ಬಲೀಂದ್ರ ಎಲ್ಲಿಗೆ ಬರಬೇಕು? ನಾವು ಗೂಡುದೀಪ ಕಟ್ಟುತ್ತೇವೆ, ಪಟಾಕಿ ಹೊಡೆಯುತ್ತೇವೆ, ಹೆಂಗಸರು ಒಳ್ಳೆಯ ಸೀರೆ ಉಡುತ್ತಾರೆ. ನಂಬಿಕೆ ಹೋಗಿ ಕೂ ನಿಂತದ್ದಲ್ಲ, ಗದ್ದೆ ಹೋಗಿ ನಿಂತಿತು. ಮೂರು ವರ್ಷದಿಂದ ನಾವು ಆ ಗೂಡುದೀಪ ಇಳಿಸುವುದಿಲ್ಲ, ಡಿಸೆಂಬರ್‌ನಲ್ಲಿ ಅದರ ಪಕ್ಕಕ್ಕೇ ನಕ್ಷತ್ರ ಕಟ್ಟುತ್ತೇವೆ. ಎರಡನ್ನೂ ಒಂದೇ ಅಂಗಡಿಯಿಂದ ತಂದದ್ದು. ಮಗಳಿಗೆ ಬೇಕು ಅಂತ ತಂದೆ. ಅದರಲ್ಲಿ ಧರ್ಮ ಇದೆಯಾ ಅಂತ ಕೇಳಿದರೆ ಇಲ್ಲ ಅನ್ನುತ್ತೇನೆ. ನೋಡಲು ಚೆಂದ, ಅಷ್ಟೇ.

25ರ ಬೆಳಿಗ್ಗೆ ಬಾಯಮ್ಮನ ಮನೆಯಿಂದ ತಟ್ಟೆಯಲ್ಲಿ ಕುಸ್ವಾರ್, ಅಂದರೆ ಹಬ್ಬದ ತಿಂಡಿ, ಬರುತ್ತದೆ. ನೆವ್ರ್ಯೊ, ಕಿಡ್ಯೊ, ಗುಳಿಯೊ, ತುಕ್ಡಿ, ಎಳ್ಳುಂಡೆ, ಚಕ್ಕುಲಿ. ಕಿಡ್ಯೊ ಅಂದರೆ ಹುಳ. ಹಿಟ್ಟಿನ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿದರೆ ಗೆರೆಗೆರೆ ಹುಳದ ಹಾಗೆ ಆಗುತ್ತದೆ. ಅವರಿಗೆ ಮೂಲಂಗಿ ಕೊಡಲಿ, ಹೋಳಿಗೆ ಕೊಡಲಿ, ನಮ್ಮಮ್ಮ ತಟ್ಟೆಯನ್ನು ಖಾಲಿ ವಾಪಸ್ ಮಾಡುವುದಿಲ್ಲ. ಹಾಗಾಗಿ ತಟ್ಟೆ ನಮ್ಮಲ್ಲೇ ವಾರಗಟ್ಟಲೆ ಉಳಿಯುತ್ತದೆ.

ಈ ಸಲ ನಾನು ಅದನ್ನು ಕೊಡಲು ಹೋದದ್ದು ಜನವರಿ ಎರಡನೇ ವಾರ, ತಟ್ಟೆಯಲ್ಲಿ ಒಂದು ಚಿಪ್ಪು ಕದಳಿ ಬಾಳೆಹಣ್ಣು. ಶಾಲೆ ಶುರುವಾಗಿತ್ತು, ಬಂಪರ್ ಟಿಕೆಟ್ ಇನ್ನೂ ನನ್ನ ಜೇಬಿನಲ್ಲಿತ್ತು. ಬಾಯಮ್ಮ ಗೋದಲಿ ಬಿಚ್ಚುತ್ತಿದ್ದರು. ಕುರುಬರು ಹಳೆಯ ಪತ್ರಿಕೆಯೊಳಗೆ, ಮಗು ಹತ್ತಿಯೊಳಗೆ. ಮೊಳಕೆ ಗೇಣುದ್ದ ಬೆಳೆದು ಹಳದಿಗೆ ತಿರುಗಿತ್ತು. ಬಾಣಲೆಯನ್ನು ನನ್ನ ಕೈಗೆ ಕೊಟ್ಟು, "ಹಟ್ಟಿಯಲ್ಲಿ ದನಕ್ಕೆ ಹಾಕಿ ಬಾ" ಅಂದರು. ಹಾಕಿದೆ. ದನ ಮೂಸಿ ನೋಡಿ ಒಂದೇ ಬಾಯಿಗೆ ಬೇರು ಸಮೇತ ಎಳೆದುಕೊಂಡಿತು.